ಹ್ಮಾಂಗ್ ರೈತರ ಸೊಪ್ಪು: ಮೊದಲು ಫೋಟೊ, ಅವತ್ತೇ ಪಲ್ಯ

ಅಮೆರಿಕದ ಮಿನೆಸೋಟಕ್ಕೆ ಹೊಸದಾಗಿ ಬಂದ ನಮ್ಮ ಹುಡುಗಿಯರು ಬೇಸಿಗೆಯಲ್ಲಿ ಕೇಳುವುದು ಒಂದೇ. "ಆಂಟಿ, ಎಳೆ ಹಾಗಲಕಾಯಿ, ಒಳ್ಳೆ ಸೊಪ್ಪು ಎಲ್ಲಿ ಸಿಗುತ್ತೆ?" ಸೇಂಟ್ ಪಾಲ್‌ನ ಲೋಯರ್‌ಟೌನ್ ಸಂತೆಗೆ ಹೋಗಿ, ಹ್ಮಾಂಗ್ ರೈತರ ಹತ್ತಿರ ನೋಡಿ ಅನ್ನುತ್ತೇನೆ. ಹ್ಮಾಂಗ್ ಅಂದರೆ 1975ರ ನಂತರ ಲಾವೋಸ್‌ನಿಂದ ನಿರಾಶ್ರಿತರಾಗಿ ಬಂದ ಒಂದು ಜನಾಂಗದವರು, ಬೆಟ್ಟದ ಬೇಸಾಯ ಬಲ್ಲವರು. ಮೀಟರ್ ಅಲಸಂದೆ, ಗುಂಡು ಬದನೆ, ಸಾಸಿವೆ ಸೊಪ್ಪು, ಮಜ್ಜಿಗೆ ಹುಲ್ಲು ಎಲ್ಲ ಅವರಲ್ಲಿ ಸಿಗುತ್ತದೆ. ಬೆಳಿಗ್ಗೆ ಬೇಗ ಹೋಗಬೇಕು ಅಷ್ಟೇ.

ಸಂತೆಯಲ್ಲಿ ಫೋಟೊ ಬೇಕಾದರೆ ಮೊದಲು ಕೊಳ್ಳಿ, ಆಮೇಲೆ ಕೇಳಿ ತೆಗೆಯಿರಿ. ಹಿಂದೆ ಜನ ನಿಂತಿರುವಾಗ ಮೊಬೈಲ್ ಹಿಡಿದು ಅಡ್ಡ ನಿಲ್ಲಬೇಡಿ. ಮಾರುವ ಅಜ್ಜಿಯ ಮುಖ ಬೇಕಾದರೆ ಅಜ್ಜಿಯನ್ನೇ ಕೇಳಬೇಕು. ಮಾತು ತಿಳಿಯದಿದ್ದರೆ ಪಕ್ಕದಲ್ಲಿರುವ ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಬೇಡ ಅಂದರೆ ಬೇಡ, ಒತ್ತಾಯ ಸಲ್ಲದು. ನೀಲಿ, ಕೆಂಪು ಟೆಂಟಿನ ಕೆಳಗೆ ಸೊಪ್ಪಿಗೂ ಅದೇ ಬಣ್ಣ ಬಡಿಯುತ್ತದೆ. ಕೊಂಡ ಕಟ್ಟನ್ನು ಯಾವುದಾದರೂ ಗೋಡೆಯ ನೆರಳಿಗೆ ತನ್ನಿ, ಫ್ಲ್ಯಾಷ್ ಇಲ್ಲದೆ ತೆಗೆಯಿರಿ. ಗೊತ್ತಿಲ್ಲದ ಸೊಪ್ಪಾದರೆ ಎಲೆಯ ಹಿಂಭಾಗ, ಬುಡ, ಬೆಲೆಯ ಚೀಟಿ ಎಲ್ಲವೂ ಬರಲಿ. ಹೇಗೆ ಬೇಯಿಸುತ್ತೀರಿ ಅಂತ ಕೇಳಿ ಫೋನಿನಲ್ಲೇ ಬರೆದುಕೊಳ್ಳಿ. ಮುಂದಿನ ವಾರ ಅದನ್ನೇ ತೋರಿಸಿ ಕೊಳ್ಳಬಹುದು.

ನನಗೆ ಎಲ್ಲಕ್ಕಿಂತ ಇಷ್ಟ ಕುಂಬಳದ ಕುಡಿ. ಅದನ್ನು ನಾಳೆಗೆ ಇಡಲೇಬೇಡಿ. ದಂಟಿನ ತುದಿ ಮುರಿದು ಕೆಳಕ್ಕೆ ಎಳೆದರೆ ನಾರು ಉದ್ದಕ್ಕೆ ಬಿಚ್ಚಿ ಬರುತ್ತದೆ. ಎಲ್ಲ ಕಡೆಯಿಂದಲೂ ಹೀಗೇ ಎಳೆಯಿರಿ. ಮುರಿದಾಗ ಟಕ್ ಅನ್ನದ ದಂಟು ಬಲಿತದ್ದು, ಬಿಟ್ಟುಬಿಡಿ. ಸುರುಳಿ ಬಳ್ಳಿಯೂ ಗಟ್ಟಿಯಿದ್ದರೆ ಬೇಡ. ಎಲೆಯ ಮೇಲಿನ ಸುಂಕು ಹೋಗಲು ನೀರಿನಲ್ಲಿ ಅಂಗೈ ನಡುವೆ ಇಟ್ಟು ಮೆತ್ತಗೆ ಉಜ್ಜಿ. ಸಾಸಿವೆ, ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆಗೆ ದಂಟು ಮೊದಲು, ಎಲೆ ಆಮೇಲೆ. ನೀರು ಚಿಮುಕಿಸಿದರೆ ಸಾಕು. ಕೊನೆಗೆ ಉಪ್ಪು, ಕಾಯಿತುರಿ. ಸಾರಿನ ಪುಡಿ ಸುರಿದು ಅದರ ಸಿಹಿ ಕೊಲ್ಲಬೇಡಿ. ಹ್ಮಾಂಗ್ ಮನೆಗಳಲ್ಲಿ ಸೊಪ್ಪನ್ನು ಸುಮ್ನೆ ನೀರಿನಲ್ಲಿ ಬೇಯಿಸಿ, ಖಾರದ ಮೆಣಸಿನ ಚಟ್ನಿ ಪಕ್ಕಕ್ಕಿಟ್ಟು ಅನ್ನದ ಜೊತೆ ಉಣ್ಣುತ್ತಾರೆ. ಬೇಯಿಸಿದ ನೀರನ್ನೂ ಕುಡಿಯುತ್ತಾರೆ. ಒಮ್ಮೆ ಹಾಗೂ ತಿಂದು ನೋಡಿ, ಎಳೆ ಸೊಪ್ಪಿನ ರುಚಿ ಆಗಲೇ ತಿಳಿಯುವುದು.

ದಪ್ಪಗೆ ಬೆಳೆದ ಹ್ಮಾಂಗ್ ಸೌತೆಕಾಯಿ ಕಂಡರೆ ಬಲಿತಿದೆ ಅಂತ ಬಿಡಬೇಡಿ. ಉದ್ದಕ್ಕೆ ಸೀಳಿ ಬೀಜ ತೆಗೆದು, ತಿರುಳನ್ನು ಚಮಚದಲ್ಲಿ ಕೆರೆಯಿರಿ. ಸಕ್ಕರೆ, ಐಸ್ ಹಾಕಿ ಕುಡಿಯುವುದು ಅವರ ರೂಢಿ. ನಾನು ಬೆಲ್ಲ, ಏಲಕ್ಕಿ ಹಾಕುತ್ತೇನೆ, ಪಾನಕವೇ ಆಗುತ್ತದೆ.

ಚೌಕಾಸಿ ಮಾತ್ರ ಮಾಡಬೇಡಿ, ದಯವಿಟ್ಟು. ಎಷ್ಟೋ ಜನ ಉಳುವುದು ಬೇರೆಯವರ ಜಮೀನನ್ನು, ಬೆಳೆ ಬರುವುದು ಬೇಸಿಗೆಯ ಕೆಲವೇ ತಿಂಗಳು. ಹ್ಮಾಂಗ್ ಅಮೆರಿಕನ್ ರೈತರ ಸಂಘ 2011ರಲ್ಲಿ ಹುಟ್ಟಿ, ಮುಂದೆ 155 ಎಕರೆ ಹೊಂದಿಸಿದ್ದು ಈ ಜಮೀನಿನ ಕಷ್ಟಕ್ಕೇ ಅಲ್ವಾ?

ಬೆಳೆಯ ಕೊನೆಯ ವಾರಗಳಲ್ಲಿ ಸಣ್ಣ ಖಾರದ ಮೆಣಸು ಜಾಸ್ತಿ ಕೊಳ್ಳಿ. ತೊಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ತೊಟ್ಟು ಸಮೇತ ಫ್ರೀಜರಿಗೆ ಹಾಕಿ. ಚಳಿಗಾಲ ಪೂರ್ತಿ ಒಗ್ಗರಣೆಗೆ ಬರುತ್ತದೆ.