ಕೆಳ ಲೀಗಿನ ಮಿಡ್‌ಫೀಲ್ಡರ್‌ನ ವೃತ್ತಿಯನ್ನು ಅರಿಯುವ ಬಗೆ

ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ ಸಂಜೆ ಚೆಂಡಿನ ಹಿಂದೆ ಓಡುವ ಹುಡುಗರಿಗೆ ಇಂಗ್ಲೆಂಡಿನ ಅತ್ಯುನ್ನತ ಫುಟ್‌ಬಾಲ್ ಲೀಗಾದ ಪ್ರೀಮಿಯರ್ ಲೀಗಿನ ಆಟಗಾರರ ಹೆಸರುಗಳೆಲ್ಲ ಬಾಯಿಪಾಠವಾಗಿರುತ್ತವೆ. ಆದರೆ ಮಿಡ್‌ಫೀಲ್ಡರ್, ಅಂದರೆ ಮೈದಾನದ ನಡುಭಾಗದಲ್ಲಿ ಆಡುವ ಆಟಗಾರ, ಆಗಬೇಕೆನ್ನುವವರು ಇಂಗ್ಲೆಂಡಿನ ಕೆಳಗಿನ ಲೀಗುಗಳನ್ನೂ ಗಮನಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಹಂತಗಳನ್ನು ತಿಳಿದುಕೊಳ್ಳಿ. ಪ್ರೀಮಿಯರ್ ಲೀಗಿನ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್ ಮತ್ತು ಲೀಗ್ ಟೂ ಇದ್ದು, ಒಂದೊಂದರಲ್ಲಿಯೂ 24 ತಂಡಗಳು ತಲಾ 46 ಪಂದ್ಯಗಳನ್ನು ಆಡುತ್ತವೆ. ಅವುಗಳ ಕೆಳಗೆ ನ್ಯಾಷನಲ್ ಲೀಗ್ ಇದೆ.

ಬಳಿಕ ಒಬ್ಬ ಆಟಗಾರನ ದಾಖಲೆಯನ್ನು ತೆಗೆದುಕೊಂಡು, ಗೋಲುಗಳಿಗಿಂತ ಮೊದಲು ಅವನು ಪ್ರತಿ ವರ್ಷ ಎಷ್ಟು ಪಂದ್ಯ ಆಡಿದನೆಂಬುದನ್ನು ನೋಡಿ. ‘ಲೋನ್’ (ತಂಡವೊಂದು ತನ್ನ ಆಟಗಾರನನ್ನು ಸ್ವಲ್ಪ ಕಾಲ ಬೇರೆ ತಂಡಕ್ಕೆ ಎರವಲು ಕೊಡುವುದು) ಎಂಬ ಪದವನ್ನು ಕಂಡೊಡನೆ ಅವನನ್ನು ಸೋತವನೆಂದು ಎಣಿಸಬೇಡಿ. ಲೀಗ್ ಒನ್‌ನಲ್ಲಿದ್ದ ಎಂ.ಕೆ. ಡಾನ್ಸ್ ತಂಡದ ಡೆಲೆ ಆಲಿಯನ್ನು ಪ್ರೀಮಿಯರ್ ಲೀಗಿನ ಟಾಟನ್‌ಹ್ಯಾಮ್ ತಂಡ 2015ರ ಫೆಬ್ರವರಿಯಲ್ಲಿ ಕೊಂಡುಕೊಂಡರೂ, ಋತು ಮುಗಿಯುವವರೆಗೆ ಅದೇ ತಂಡಕ್ಕೆ ಲೋನ್ ಮೇಲೆ ಬಿಟ್ಟುಕೊಟ್ಟಿತು. ಆ ಋತುವಿನಲ್ಲೇ ಡಾನ್ಸ್ ಚಾಂಪಿಯನ್‌ಶಿಪ್‌ಗೆ ಏರಿತು. ಎಲ್ಲರಿಗೂ ಅಂಥ ಭಾಗ್ಯವಿರುವುದಿಲ್ಲ. ಕೆಳಗಿನ ಹಂತಗಳಲ್ಲಿ ಒಂದೆರಡು ವರ್ಷಗಳ ಒಪ್ಪಂದವೇ ಸಾಮಾನ್ಯವಾದ್ದರಿಂದ, ಅನೇಕರು ಬೇಸಿಗೆ ಬಂದಾಗ ಹೊಸ ತಂಡ ಹುಡುಕುತ್ತಾರೆ.

ಪಂದ್ಯ ನೋಡುವಾಗ ಹತ್ತು ನಿಮಿಷ ಚೆಂಡನ್ನು ಬಿಟ್ಟು ನೀವು ಆರಿಸಿಕೊಂಡ ಆಟಗಾರನನ್ನೇ ನೋಡಿ. ಮಂಡ್ಯದ ನಾಲೆಯ ನೀರುಗಂಟಿ ಯಾವ ಗದ್ದೆ ಒಣಗಿದೆಯೆಂದು ಮೊದಲೇ ತಿಳಿದು ತೂಬು ತೆರೆಯುವಂತೆ, ಒಳ್ಳೆಯ ಮಿಡ್‌ಫೀಲ್ಡರ್ ಚೆಂಡು ಕಾಲಿಗೆ ಬರುವ ಮುನ್ನವೇ ಹೆಗಲ ಮೇಲಿಂದ ಹಿಂದಿರುಗಿ ನೋಡಿ, ಅದನ್ನು ಯಾರಿಗೆ ಕೊಡಬೇಕೆಂದು ನಿರ್ಧರಿಸಿರುತ್ತಾನೆ. ಅವನು ಎಷ್ಟು ಬಾರಿ ಹಾಗೆ ನೋಡಿದನೆಂದು ಎಣಿಸಿ ಬರೆದಿಟ್ಟುಕೊಳ್ಳಿ, ಮರುದಿನ ಮೈದಾನದಲ್ಲಿ ಅದನ್ನೇ ಅಭ್ಯಾಸ ಮಾಡಿ.