ಹವಳದ ತೊಟ್ಟಿಗೆ ಯಾವ ಕೋಡಿ?

ಕೆರೆ ಕಟ್ಟುವವರು ಏರಿ ಎತ್ತುವ ಮೊದಲೇ ಕೋಡಿ ಎಲ್ಲಿ ಬರಬೇಕು ಎಂದು ಗೊತ್ತುಮಾಡಿಕೊಳ್ಳುತ್ತಾರೆ. ಅಕ್ವೇರಿಯಂ ಹುಚ್ಚು ಹಿಡಿದ ನಾವು ಉಲ್ಟಾ. ಮೊದಲು ಗಾಜಿನ ತೊಟ್ಟಿ, ಆಮೇಲೆ ದೀಪ, ಆಮೇಲೆ ಯಾವ ಹವಳ ಎಲ್ಲಿ ಕೂರಬೇಕು ಎಂಬ ಕನಸು. ನೀರು ಎಲ್ಲಿಂದ ಇಳಿದು ಹೋಗಬೇಕು ಎಂಬುದು ನೆನಪಾಗುವುದು ಕೊನೆಗೆ. ಅಷ್ಟರಲ್ಲಿ ತೊಟ್ಟಿ ತುಂಬಿ, ಗಾಜಿಗೆ ತೂತು ಹಾಕುವ ಕಾಲ ಮುಗಿದಿರುತ್ತದೆ.

ಓವರ್‌ಫ್ಲೋ ಎಂದರೆ ತೊಟ್ಟಿಯ ಕೋಡಿ, ಅಷ್ಟೇ. ಕೆಳಗಿನ ಸಂಪಿನಿಂದ ಪಂಪು ನೀರನ್ನು ಮೇಲಕ್ಕೆ ಎತ್ತುತ್ತದೆ. ಹೆಚ್ಚಾದ ನೀರು ಒಂದು ಅಂಚನ್ನು ದಾಟಿ, ಪೈಪಿನ ಮೂಲಕ ತಾನಾಗಿಯೇ ಸಂಪಿಗೆ ಇಳಿಯುತ್ತದೆ. ಸಂಪ್ ಎಂದರೆ ಇಲ್ಲಿ ನೆಲದಡಿಯ ತೊಟ್ಟಿಯಲ್ಲ. ಸ್ಟ್ಯಾಂಡಿನ ಒಳಗೆ ಕೂರುವ ಎರಡನೇ ಟ್ಯಾಂಕು. ಸ್ಕಿಮ್ಮರ್ (ಗುಳ್ಳೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸಾಧನ), ಹೀಟರ್ ಎಲ್ಲ ಅಲ್ಲಿರುತ್ತವೆ. ಕೋಡಿಯಿಂದ ಇನ್ನೊಂದು ದೊಡ್ಡ ಲಾಭವಿದೆ. ನೀರಿನ ಮೇಲೆ ಕಟ್ಟುವ ಜಿಡ್ಡಿನ ಪೊರೆ ಮೊದಲು ಹೋಗುವುದು ಅದರ ಮೇಲಿಂದಲೇ. ಆ ಪೊರೆ ಉಳಿದರೆ ನೀರಿಗೆ ಗಾಳಿ ಬೆರೆಯುವುದು ಕಡಿಮೆಯಾಗುತ್ತದೆ, ಬೆಳಕೂ ಕುಗ್ಗುತ್ತದೆ. ಸ್ಕಿಮ್ಮರಿಗಂತೂ ಆ ಜಿಡ್ಡೇ ಆಹಾರ.

ಓವರ್‌ಫ್ಲೋ ಆರಿಸುವಾಗ ಪೆಟ್ಟಿಗೆಯ ಮೇಲೆ ಬರೆದ ‘ಗಂಟೆಗೆ ಇಷ್ಟು ಲೀಟರ್’ ಎಂಬುದನ್ನು ನೋಡಿ ಮರುಳಾಗಬೇಡಿ. ಕೇಳಬೇಕಾದ ಪ್ರಶ್ನೆಗಳು ಬೇರೆ. ಪೈಪು ಕಟ್ಟಿಕೊಂಡರೆ ನೀರು ಎಲ್ಲಿಗೆ ಹೋಗುತ್ತದೆ? ಕರೆಂಟ್ ಹೋದರೆ ಏನಾಗುತ್ತದೆ? ಮತ್ತೆ ಬಂದಾಗ ಏನಾಗುತ್ತದೆ?

ಹೆಜ್ಜೆ 1: ಎಷ್ಟು ನೀರು ಇಳಿಯಬೇಕು?

ಮಾತಿಗೊಂದು ಲೆಕ್ಕ ಇಟ್ಟುಕೊಳ್ಳೋಣ. 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ ತೊಟ್ಟಿ. ಅದರಲ್ಲಿ ನಿಲ್ಲುವುದು ಸುಮಾರು 400 ಲೀಟರ್ ನೀರು.

ಹವಳಕ್ಕೆ ಬಿರುಸಾದ ಹರಿವು ಬೇಕು, ನಿಜ. ಆದರೆ ಅದನ್ನು ಕೊಡುವುದು ತೊಟ್ಟಿಯೊಳಗೆ ಅಂಟಿಸುವ, ನೀರು ಕಲಕುವ ಸಣ್ಣ ಪಂಪುಗಳಾದ ಪವರ್‌ಹೆಡ್‌ಗಳು. ಸಂಪಿನ ಮೂಲಕ ಗಂಟೆಗೆ ತೊಟ್ಟಿಯ ನೀರಿನ ನಾಲ್ಕೈದು ಪಟ್ಟು ಹಾದರೆ ಧಾರಾಳ. ನಮ್ಮ ತೊಟ್ಟಿಗೆ ಅದು ಗಂಟೆಗೆ 2000 ಲೀಟರ್. ಇದಕ್ಕಿಂತ ಜಾಸ್ತಿ ಓಡಿಸಿದರೆ ಸದ್ದು ಹೆಚ್ಚುತ್ತದೆ, ಸಂಪಿನಿಂದ ಸಣ್ಣ ಗುಳ್ಳೆಗಳು ಮೇಲೆ ಬರುತ್ತವೆ, ಬೇರೆ ಲಾಭ ಅಷ್ಟಾಗಿ ಇಲ್ಲ. ಇನ್ನೊಂದು ವಿಷಯ: ಪಂಪಿನ ಮೇಲೆ ಬರೆದ ಸಂಖ್ಯೆ ನೀರನ್ನು ಎತ್ತರಕ್ಕೆ ಏರಿಸದೆ ಅಳೆದದ್ದು. ಒಂದೂವರೆ ಮೀಟರ್ ಮೇಲೆತ್ತಿ, ಎರಡು ಮೂರು ಎಲ್ಬೋ (ಪೈಪಿನ ತಿರುವು) ದಾಟಿಸುವಷ್ಟರಲ್ಲಿ ಅದು ಚೆನ್ನಾಗಿಯೇ ಇಳಿದಿರುತ್ತದೆ. ಎಷ್ಟು ಎತ್ತರಕ್ಕೆ ಎಷ್ಟು ನೀರು ಎಂಬ ಚಿತ್ರ ಪಂಪಿನ ಜೊತೆಗೆ ಬರುತ್ತದೆ, ಅದನ್ನು ನೋಡಿ ಕೊಳ್ಳಿ.

ಹೆಜ್ಜೆ 2: ಅಂಚು ಎಷ್ಟು ಉದ್ದ?

ಕೋಡಿ ಅಗಲವಾಗಿದ್ದರೆ ನೀರು ತೆಳ್ಳಗೆ ಹರಿಯುತ್ತದೆ, ಕಿರಿದಾದರೆ ದಪ್ಪಗೆ ನುಗ್ಗುತ್ತದೆ. ಗಂಟೆಗೆ 2000 ಲೀಟರ್ ನೀರು 50 ಸೆಂ.ಮೀ. ಉದ್ದದ ನಯವಾದ ಅಂಚನ್ನು ದಾಟುವಾಗ ಅಂಚಿನ ಮೇಲೆ ಸುಮಾರು 7 ಮಿ.ಮೀ. ನೀರು ನಿಲ್ಲುತ್ತದೆ. ಅದೇ ನೀರು 15 ಸೆಂ.ಮೀ. ಅಂಚಿನ ಮೇಲೆ ಹೋಗಬೇಕಾದರೆ 16 ಮಿ.ಮೀ. ಬೇಕು. ಪದರ ತೆಳ್ಳಗಿದ್ದಷ್ಟೂ ಜಿಡ್ಡು ಚೆನ್ನಾಗಿ ಹೋಗುತ್ತದೆ. ಬಾಚಣಿಗೆಯಂತೆ ಹಲ್ಲುಗಳಿದ್ದರೆ ಹೆಚ್ಚುಕಡಿಮೆ ಅರ್ಧ ಉದ್ದವನ್ನು ಅವೇ ತಿನ್ನುತ್ತವೆ. ಹಾಗಂತ ಹಲ್ಲುಗಳನ್ನು ಸುಮ್ನೆ ಕತ್ತರಿಸಿ ಹಾಕಬೇಡಿ. ಮೀನು, ಬಸವನಹುಳುಗಳನ್ನು ತಡೆಯುವುದು ಅವೇ ಅಲ್ವಾ? ಅಂಚನ್ನೇ ಉದ್ದ ಮಾಡಿಸುವುದು ಒಳ್ಳೆಯ ದಾರಿ. ಜಾಗವಿದ್ದರೆ ಹಿಂಬದಿ ಗಾಜಿನ ಈ ತುದಿಯಿಂದ ಆ ತುದಿಯವರೆಗೂ.

ಹೆಜ್ಜೆ 3: ತೂತು ಹಾಕಬೇಕೋ, ನೇತುಹಾಕಬೇಕೋ?

ತೂತು ಬೇಡ ಎನ್ನುವವರಿಗೆ ತೊಟ್ಟಿಯ ಅಂಚಿಗೆ ನೇತುಹಾಕುವ ಡಬ್ಬ ಸಿಗುತ್ತದೆ. ಒಳಗೊಂದು ಡಬ್ಬ, ಹೊರಗೊಂದು ಡಬ್ಬ, ನಡುವೆ ಅಂಚು ಹತ್ತಿ ಇಳಿಯುವ ಬಾಗಿದ ಕೊಳವೆ. ಕೊಳವೆಯ ತುಂಬ ನೀರಿದ್ದರೆ ಸೈಫನ್, ಅಂದರೆ ನೀರು ತನ್ನನ್ನು ತಾನೇ ಎಳೆದುಕೊಂಡು ಇಳಿಯುವುದು, ನಡೆಯುತ್ತಲೇ ಇರುತ್ತದೆ. ಕರೆಂಟ್ ಹೋದರೂ ಎರಡು ಡಬ್ಬಗಳಲ್ಲೂ ಸ್ವಲ್ಪ ನೀರು ಉಳಿದು ಕೊಳವೆಯ ಎರಡೂ ಬಾಯಿ ಮುಳುಗಿಯೇ ಇರುತ್ತವೆ. ಆದ್ದರಿಂದ ಕರೆಂಟ್ ಬಂದೊಡನೆ ಮತ್ತೆ ಶುರುವಾಗುತ್ತದೆ. ಕಾಗದದ ಮೇಲೆ ಎಲ್ಲ ಸರಿ.

ತೊಂದರೆ ಇರುವುದು ಕೊಳವೆಯ ತಲೆಯಲ್ಲಿ. ಹರಿವು ನಿಧಾನವಾದರೆ ನೀರಿನ ಜೊತೆ ಬಂದ ಗುಳ್ಳೆಗಳು ಅಲ್ಲಿ ಕೂಡಿಕೊಳ್ಳುತ್ತವೆ. ದಿನ ಕಳೆದಂತೆ ಗಾಳಿ ಹೆಚ್ಚಿ, ಒಂದು ದಿನ ಸೈಫನ್ ಕಡಿದುಹೋಗುತ್ತದೆ. ಪಂಪಿಗೆ ಅದು ಗೊತ್ತಾಗುವುದಿಲ್ಲ, ಅದು ನೀರೆತ್ತುತ್ತಲೇ ಇರುತ್ತದೆ. ಗಾಳಿಯನ್ನು ಎಳೆದು ತೆಗೆಯಲು ಪುಟ್ಟ ಪಂಪು ಜೋಡಿಸಬಹುದು. ನಾನೂ ಜೋಡಿಸಿದ್ದೆ. ಅದರ ಸಣ್ಣ ನಳಿಗೆಯಲ್ಲಿ ಉಪ್ಪು ಕಟ್ಟಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಬೆಳಗಿನ ಜಾವ, ಬರಿಗಾಲಿಗೆ ತಣ್ಣಗೆ ತಾಗಿದ ನೀರಿನಿಂದ.

ಹೀಗಾಗಿ ನನ್ನ ಮಾತು ನೇರ: ತೊಟ್ಟಿ ಇನ್ನೂ ಖಾಲಿ ಇದ್ದರೆ ತೂತು ಹಾಕಿಸಿ. ನೇತುಹಾಕುವ ಡಬ್ಬ ತುಂಬಿದ ತೊಟ್ಟಿಯವರಿಗೆ ಮಾತ್ರ. ಆಗಲೂ ಒಂದರ ಬದಲು ಎರಡು ಕೊಳವೆ ಇರಲಿ. ಆದರೆ ಎರಡರಲ್ಲೂ ನೀರು ಬಿರುಸಾಗಿ ಓಡಬೇಕು, ಇಲ್ಲದಿದ್ದರೆ ಮತ್ತೆ ಅದೇ ಗುಳ್ಳೆಯ ಕಥೆ.

ತೂತಿನ ವಿಚಾರಕ್ಕೆ ಬಂದರೆ, ಟೆಂಪರ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜಿಗೆ ಡ್ರಿಲ್ ತಾಗಿಸಿದರೆ ಇಡೀ ಗಾಜು ಚೂರುಚೂರಾಗುತ್ತದೆ. ಎಷ್ಟೋ ತೊಟ್ಟಿಗಳಲ್ಲಿ ತಳದ ಗಾಜು ಟೆಂಪರ್ಡ್ ಆಗಿರುತ್ತದೆ. ಮೊದಲು ಕೇಳಿ ತಿಳಿದುಕೊಳ್ಳಿ. ಬಲ್ಕ್‌ಹೆಡ್ (ತೂತಿನಲ್ಲಿ ಪೈಪನ್ನು ಸೋರದಂತೆ ಕೂರಿಸುವ ಜೋಡಣೆ) ಕೈಗೆ ಬರುವ ಮೊದಲು ತೂತು ಬೇಡ, ಕಂಪನಿಯಿಂದ ಕಂಪನಿಗೆ ಅದರ ಅಳತೆ ಬೇರೆ. ಗಾಜಿನ ಅಂಚಿನಿಂದ ತೂತಿನ ಅಂಚಿಗೆ ಕನಿಷ್ಠ ತೂತಿನಷ್ಟೇ ಅಗಲ ಬಿಡಿ. ವಜ್ರದ ಪುಡಿ ಅಂಟಿಸಿದ ಡ್ರಿಲ್ ಬಿಟ್, ನಿಧಾನದ ವೇಗ, ಬಿಡದೆ ನೀರು. ಬಲ್ಕ್‌ಹೆಡ್ಡಿನ ರಬ್ಬರ್ ವಾಷರ್ ನಟ್ಟಿನ ಕಡೆಗಲ್ಲ, ಅಗಲವಾದ ತಲೆಯ ಕಡೆಗೆ ಇರಬೇಕು.

ತೂತು ಹಾಕಿದರೂ ಕೋಡಿ ದಾಟಿದ ನೀರು ಬೀಳಲು ಒಂದು ಡಬ್ಬ ಬೇಕು. ಅದು ಒಳಗೋ ಹೊರಗೋ ಎಂಬುದು ಜಾಗದ ಪ್ರಶ್ನೆ. ತೊಟ್ಟಿಯ ಮೂಲೆಯ ಡಬ್ಬ ಒಳಗಿನ ಜಾಗ ತಿನ್ನುತ್ತದೆ, ಹೊರಗಿನ ಡಬ್ಬಕ್ಕೆ ಗೋಡೆಯಿಂದ ಒಂದು ಗೇಣಾದರೂ ದೂರ ಬೇಕು.

ಹೆಜ್ಜೆ 4: ಪೈಪು ಒಂದೇ, ಎರಡೇ, ಮೂರೇ?

ನಿಜವಾದ ಆಯ್ಕೆ ಇರುವುದು ಇಲ್ಲಿ. ಪೈಪಿನಲ್ಲಿ ಬರೀ ನೀರಿದ್ದರೆ ಸದ್ದಿಲ್ಲ. ನೀರಿನ ಜೊತೆ ಗಾಳಿಯೂ ಇಳಿಯಲು ಹೋದಾಗ ಎರಡೂ ಗುದ್ದಾಡಿ ಗುಳುಗುಳು ಎನ್ನುತ್ತವೆ. ತೊಟ್ಟಿ ಮಲಗುವ ಕೋಣೆಯ ಹತ್ತಿರವಿದ್ದರೆ ಈ ಮಾತಿನ ಬೆಲೆ ಮೊದಲ ರಾತ್ರಿಯೇ ತಿಳಿಯುತ್ತದೆ.

ಒಂದೇ ಪೈಪು ಎಂದರೆ ಡರ್ಸೊ. ರಿಚರ್ಡ್ ಡರ್ಸೊ ಎಂಬ ಹವ್ಯಾಸಿಯ ಹೆಸರು ಅದಕ್ಕೆ ನಿಂತಿದೆ. ನಿಂತ ಪೈಪಿನ ತಲೆಗೊಂದು ಟೀ (T ಆಕಾರದ ಜೋಡಣೆ), ಟೀಗೆ ಕೆಳಮುಖವಾದ ಎಲ್ಬೋ, ಮೇಲಿನ ಮುಚ್ಚಳಕ್ಕೊಂದು ಸಣ್ಣ ತೂತು. ಗಾಳಿ ಆ ತೂತಿನಿಂದ ಬಂದು ಗುಳುಗುಳು ತಗ್ಗುತ್ತದೆ. ಮಾಡುವುದು ಸುಲಭ. ಆದರೆ ಕಟ್ಟಿಕೊಂಡರೆ ನೀರಿಗೆ ಬೇರೆ ದಾರಿ ಇಲ್ಲ. ಒಂದು ಬಸವನಹುಳು ಸಾಕು.

ಎರಡು ಪೈಪಿನದು ಹರ್ಬಿ. ಮೊದಲನೆಯದು ಪೂರ್ತಿ ಸೈಫನ್: ಅದರ ಬಾಯಿ ಡಬ್ಬದ ನೀರಿನಲ್ಲಿ ಆಳಕ್ಕೆ ಮುಳುಗಿರುತ್ತದೆ, ಕೆಳಗೊಂದು ಗೇಟ್ ವಾಲ್ವ್ ಇರುತ್ತದೆ. ಪಂಪು ಎಷ್ಟು ಎತ್ತುತ್ತದೋ ಅಷ್ಟೇ ಇಳಿಯುವ ಹಾಗೆ ವಾಲ್ವ್ ತಿರುಗಿಸಬೇಕು. ಎರಡನೆಯದು ಆಪತ್ತಿನ ಪೈಪು. ಅದರ ಬಾಯಿ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಒಣಗಿಯೇ ಇರುತ್ತದೆ. ಸದ್ದೇ ಇಲ್ಲ ಎನ್ನುವಷ್ಟು ಶಾಂತ. ಕೊರತೆ ಒಂದೇ, ವಾಲ್ವನ್ನು ಆಗಾಗ ನೋಡಿಕೊಳ್ಳಬೇಕು. ಪಂಪಿಗೆ ಪಾಚಿ ಹಿಡಿದು ಹರಿವು ಇಳಿದರೆ ಸೈಫನ್ ಗಾಳಿ ಎಳೆದು ಸೊರ್ ಎನ್ನುತ್ತದೆ.

ಮೂರು ಪೈಪಿನದಕ್ಕೆ ಬೀನ್ ಅನಿಮಲ್ ಎಂಬ ತಮಾಷೆಯ ಹೆಸರು. ಒಬ್ಬ ಹವ್ಯಾಸಿಯ ಅಡ್ಡಹೆಸರಂತೆ ಕೇಳಿಸಿದರೆ ಅದು ಹೌದು. ಸೈಫನ್, ಆಪತ್ತಿನ ಪೈಪು ಎರಡೂ ಇವೆ. ನಡುವೆ ಮೂರನೆಯದೊಂದು ತೆರೆದ ಪೈಪು, ಅದರೊಳಗೆ ತೆಳ್ಳಗೆ ನೀರು ಜಾರುತ್ತಿರುತ್ತದೆ. ಹರಿವು ಸ್ವಲ್ಪ ಏರಿದರೂ ಇಳಿದರೂ ಈ ಪೈಪೇ ಸರಿದೂಗಿಸುತ್ತದೆ, ವಾಲ್ವ್ ಮುಟ್ಟಬೇಕಾಗಿಲ್ಲ. ನನಗೆ ಇಷ್ಟವಾದ ಜಾಣತನ ಬೇರೆಯೇ. ಆ ತೆರೆದ ಪೈಪಿನ ತಲೆಗೆ ಗಾಳಿಯ ಸಣ್ಣ ನಳಿಗೆ ಜೋಡಿಸಿ, ಅದರ ತುದಿಯನ್ನು ಮಾಮೂಲಿ ನೀರಿನ ಮಟ್ಟಕ್ಕಿಂತ ತುಸು ಮೇಲೆ ನಿಲ್ಲಿಸಿರುತ್ತಾರೆ. ಮೊದಲ ಪೈಪು ಕಟ್ಟಿಕೊಂಡು ನೀರು ಏರಿದರೆ ನಳಿಗೆಯ ತುದಿ ಮುಳುಗುತ್ತದೆ, ಪೈಪಿಗೆ ಗಾಳಿ ನಿಲ್ಲುತ್ತದೆ, ಅದೂ ಸೈಫನ್ ಆಗಿಬಿಡುತ್ತದೆ! ಅದೂ ಸೋತರೆ ಆಪತ್ತಿನ ಪೈಪು ಇದ್ದೇ ಇದೆ.

ಮೂರು ತೂತಿಗೆ ಜಾಗವಿದ್ದರೆ ಮೂರು ಪೈಪು ಹಾಕಿ. ಸಿದ್ಧ ತೊಟ್ಟಿಯಲ್ಲಿ ಎರಡೇ ತೂತು, ಒಂದು ಇಳಿಯಲು, ಒಂದು ಏರಲು ಎಂದಿದ್ದರೆ ಎರಡನ್ನೂ ಇಳಿಯಲು ಬಳಸಿ ಹರ್ಬಿ ಮಾಡಿ. ಏರುವ ಪೈಪನ್ನು ತೊಟ್ಟಿಯ ಅಂಚಿನ ಮೇಲಿಂದ ತಂದರೆ ಆಯಿತು. ನೋಡಲು ಅಷ್ಟು ಚೆನ್ನಾಗಿರುವುದಿಲ್ಲ, ಇರಲಿ.

ಯಾವುದೇ ಆದರೂ ಈ ನಾಲ್ಕನ್ನು ಮರೆಯಬೇಡಿ. ಸೈಫನ್ನಿಗೆ ಬಾಲ್ ವಾಲ್ವ್ ಬೇಡ, ಕೂದಲೆಳೆಯಷ್ಟು ತಿರುಗಿಸಲು ಗೇಟ್ ವಾಲ್ವೇ ಬೇಕು. ಆಪತ್ತಿನ ಪೈಪಿಗೆ ಯಾವ ವಾಲ್ವೂ ಬೇಡ. ಆ ಪೈಪು ಒಂದೇ ಇಡೀ ಹರಿವನ್ನು ಹೊರುವಷ್ಟು ದಪ್ಪವಿರಬೇಕು. ಸೈಫನ್ನಿನ ಕೆಳತುದಿ ಸಂಪಿನ ನೀರಿನಲ್ಲಿ ಎರಡು ಸೆಂ.ಮೀ. ಮುಳುಗಿದರೆ ಸಾಕು, ತುಂಬ ಆಳಕ್ಕೆ ಹೋದರೆ ಪೈಪಿನ ಗಾಳಿ ಹೊರಬರಲಾರದೆ ಸೈಫನ್ ಶುರುವಾಗುವುದೇ ಇಲ್ಲ.

ಹೆಜ್ಜೆ 5: ಕರೆಂಟ್ ಹೋದಾಗಿನ ಲೆಕ್ಕ

ನಮ್ಮ ತೊಟ್ಟಿಯಲ್ಲಿ ಒಂದು ಸೆಂ.ಮೀ. ನೀರು ಎಂದರೆ 7.2 ಲೀಟರ್. ಪಂಪು ನಿಂತಾಗ ಏರುವ ಪೈಪೇ ಹಿಮ್ಮುಖ ಸೈಫನ್ ಆಗಿ, ಅದರ ಬಾಯಿ ಗಾಳಿಗೆ ತೆರೆಯುವವರೆಗೂ ನೀರು ಎಳೆಯುತ್ತದೆ. ಬಾಯಿ 4 ಸೆಂ.ಮೀ. ಆಳದಲ್ಲಿದ್ದರೆ ಸುಮಾರು 29 ಲೀಟರ್ ಕೆಳಗೆ ಬರುತ್ತದೆ. ಡಬ್ಬ, ಪೈಪುಗಳ ನೀರೂ ಸೇರಿ ಸಂಪಿನಲ್ಲಿ 40 ಲೀಟರಿನಷ್ಟು ಜಾಗ ಖಾಲಿ ಇರಲಿ. ಅದಕ್ಕಿಂತ ಸುಲಭ, ಬಾಯಿಯನ್ನೇ ಮೇಲಕ್ಕೆ ತನ್ನಿ. ಒಮ್ಮುಖ ವಾಲ್ವನ್ನು ನಂಬಬೇಡಿ. ಅದರೊಳಗೆ ಒಂದು ಸಣ್ಣ ಹುಳು ಗೂಡು ಕಟ್ಟಿದರೂ ಮುಚ್ಚುವುದಿಲ್ಲ.

ಉಲ್ಟಾ ಲೆಕ್ಕವೂ ಇದೆ. ಕೋಡಿ ಪೂರ್ತಿ ಕಟ್ಟಿಕೊಂಡರೆ ಪಂಪು ಸಂಪಿನೊಳಗೆ ತಾನು ಕೂತ ಅಂಕಣದಲ್ಲಿರುವ ನೀರನ್ನೆಲ್ಲ ಮೇಲಕ್ಕೆ ತಳ್ಳುತ್ತದೆ. ತೊಟ್ಟಿಯ ನೀರಿನಿಂದ ಅಂಚಿನವರೆಗೆ 3 ಸೆಂ.ಮೀ. ಇದ್ದರೆ ಅಲ್ಲಿ ಹಿಡಿಯುವುದು 21 ಲೀಟರ್ ಮಾತ್ರ. ಪಂಪಿನ ಅಂಕಣದಲ್ಲಿ ಅದಕ್ಕಿಂತ ಕಡಿಮೆ ನೀರಿರಲಿ. ಆವಿಯಾದ ನೀರನ್ನು ತಾನಾಗಿಯೇ ತುಂಬುವ ಸಾಧನ ಇದ್ದರೆ ಅದರ ಡಬ್ಬದ ನೀರನ್ನೂ ಈ ಲೆಕ್ಕಕ್ಕೆ ಸೇರಿಸಿ.

ಹೆಜ್ಜೆ 6: ಸಿಹಿನೀರಿನಲ್ಲಿ ಪರೀಕ್ಷೆ

ಉಪ್ಪು ಬೆರೆಸುವ ಮೊದಲು ನಲ್ಲಿ ನೀರು ತುಂಬಿಸಿ ಓಡಿಸಿ. ಪಂಪಿನ ಸ್ವಿಚ್ ಆರಿಸಿ, ಸಂಪು ಎಲ್ಲಿಗೆ ನಿಂತಿತು ನೋಡಿ, ಅಲ್ಲಿಗೊಂದು ಗುರುತು ಹಾಕಿ. ಸ್ವಿಚ್ ಮತ್ತೆ ಹಾಕಿ, ಸೈಫನ್ ತಾನಾಗಿಯೇ ಹಿಡಿಯಬೇಕು, ನೀವು ಕೈ ಹಾಕಬಾರದು. ಇದನ್ನು ಹತ್ತು ಸಲ ಮಾಡಿ. ಆಮೇಲೆ ಮೊದಲ ಪೈಪಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಎರಡನೆಯದು ಎಷ್ಟು ಹೊರುತ್ತದೆ ನೋಡಿ. ಮೂರಿದ್ದರೆ ಎರಡನ್ನೂ ಮುಚ್ಚಿ. ಕೈ ಬಿಡದೆ ಐದು ನಿಮಿಷ ನಿಲ್ಲಿ, ನೀರು ತೊಟ್ಟಿಯ ಅಂಚಿಗೆ ಬರಬಾರದು.

ಆಪತ್ತಿನ ಪೈಪಿನ ಕೆಳತುದಿಯನ್ನು ಮಾತ್ರ ಸಂಪಿನ ನೀರಿಗೆ ಮುಳುಗಿಸಬೇಡಿ. ಒಂದು ಗೇಣು ಮೇಲೆ ನಿಲ್ಲಿಸಿ. ಅದರಲ್ಲಿ ನೀರು ಬಂದರೆ ದಬದಬ ಎಂದು ಬೀಳಬೇಕು. ರಾತ್ರಿ ಆ ಸದ್ದು ಕೇಳಿದರೆ ಎದ್ದು ಹೋಗಿ, ಮೊದಲ ಪೈಪಿನ ಬಾಯಲ್ಲಿ ಬಸವನಹುಳು ಕೂತಿರುತ್ತದೆ.