ಮಕ್ಕಳ ಮನೆ ಅಮೆರಿಕದಲ್ಲಿ: ಸುಸ್ತಾಗದೆ ತಲುಪುವುದು ಹೇಗೆ?

ಬೆಂಗಳೂರಿನ ಮನೆಯ ಬಾಗಿಲಿಗೆ ಬೀಗ ಹಾಕಿ ಕ್ಯಾಲಿಫೋರ್ನಿಯಾದಲ್ಲಿ ಮಗಳ ಮನೆಯ ಬಾಗಿಲು ತಟ್ಟುವ ಹೊತ್ತಿಗೆ ಹತ್ತಿರ ಹತ್ತಿರ ಒಂದೂವರೆ ದಿನ ಕಳೆದಿರುತ್ತದೆ. ಅಷ್ಟು ಹೊತ್ತು ಕೂರೋದು ಹೇಗಪ್ಪಾ ಎಂಬುದೇ ಮೊದಲ ಸಲ ಹೊರಟವರ ಚಿಂತೆ. ಹೋಗಿ ಬಂದವರನ್ನು ಕೇಳಿ ನೋಡಿ, ಕೂತಿದ್ದರ ಸುಸ್ತಿಗಿಂತ ಇಳಿದು ಹತ್ತಿದ್ದರ ಸುಸ್ತೇ ಜಾಸ್ತಿ ಅನ್ನುತ್ತಾರೆ. ಗುರುತಿಲ್ಲದ ಏರ್‌ಪೋರ್ಟಿನಲ್ಲಿ ಗೇಟು ಹುಡುಕುವುದು, ಉದ್ದನೆಯ ಸಾಲು, ಮುಂದಿನ ವಿಮಾನ ತಪ್ಪಿಹೋದೀತೆಂಬ ದಿಗಿಲು. ಇದನ್ನೆಲ್ಲ ಮನೆಯಲ್ಲಿ ಕೂತೇ ಸಾಕಷ್ಟು ಕಡಿಮೆ ಮಾಡಿಕೊಳ್ಳಬಹುದು. ವೀಸಾ ಕೈಯಲ್ಲಿದೆ ಎಂದುಕೊಂಡು ಮುಂದೆ ನೋಡೋಣ.

ಮೊದಲು ಟಿಕೆಟ್

ಟಿಕೆಟ್ ಮಾಡಿಸುವುದು ಸಾಮಾನ್ಯವಾಗಿ ಮಕ್ಕಳೇ. ಅವರಿಗೆ ಎರಡೇ ಮಾತು ಹೇಳಿಬಿಡಿ: ನಡುವೆ ಒಂದೇ ಕಡೆ ಇಳಿಯುವಂತಿರಲಿ, ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿರಲಿ. ಎರಡು ಕಡೆ ಇಳಿಯುವ ಟಿಕೆಟ್‌ನಲ್ಲಿ ಸ್ವಲ್ಪ ದುಡ್ಡು ಉಳಿಯಬಹುದು, ಅರವತ್ತೈದು ದಾಟಿದ ಮಂಡಿಗೆ ಅದು ಲಾಭವಲ್ಲ. ಬೇರೆ ಬೇರೆ ಟಿಕೆಟ್ ಕೊಂಡು ಜೋಡಿಸಿದರೆ, ಮೊದಲ ವಿಮಾನ ತಡವಾದಾಗ ಎರಡನೆಯದರವರು ನಮಗೆ ಸಂಬಂಧವಿಲ್ಲ ಎಂದುಬಿಡುತ್ತಾರೆ.

ದಾರಿ ಯಾವುದು? ಫ್ರಾಂಕ್‌ಫರ್ಟ್ ಮೇಲೆ ಹೋದರೆ ಪ್ರಯಾಣ ಹೆಚ್ಚುಕಡಿಮೆ ಸಮಪಾಲಾಗುತ್ತದೆ. ಮೊದಲು ಸುಮಾರು ಹತ್ತು ಗಂಟೆ, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಹನ್ನೊಂದು ಗಂಟೆ. ದುಬೈ ಅಥವಾ ದೋಹಾ ಮೇಲೆ ಹೋದರೆ ಮೊದಲ ಭಾಗ ನಾಲ್ಕು ಗಂಟೆ ಚಿಲ್ಲರೆ, ಎರಡನೆಯದು ಹದಿನೈದು-ಹದಿನಾರು. ಕಾಲು ಊದುವವರಿಗೆ, ಸೊಂಟ ನೋವಿನವರಿಗೆ ಯುರೋಪಿನ ದಾರಿ ವಾಸಿ ಎಂಬುದು ನನ್ನ ಅಭಿಪ್ರಾಯ. ಕೂತಲ್ಲೇ ಗೊರಕೆ ಹೊಡೆಯಬಲ್ಲವರು ಗಲ್ಫ್ ದಾರಿ ಹಿಡಿಯಲಿ. ಆದರೆ ಯುರೋಪಿನಲ್ಲಿ ಷೆಂಗೆನ್ ದೇಶಗಳ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ಎರಡು ಊರುಗಳಲ್ಲಿ ಇಳಿಯುವ ಟಿಕೆಟ್ ಮಾತ್ರ ಬೇಡವೇ ಬೇಡ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಳಿದು ಫ್ರಾಂಕ್‌ಫರ್ಟ್‌ಗೆ ಹೋಗಿ ಅಲ್ಲಿಂದ ಅಮೆರಿಕ ಎಂದರೆ ಷೆಂಗೆನ್ ವೀಸಾವೇ ಬೇಕಾಗುತ್ತದೆ.

ಅಬುಧಾಬಿಗೆ ಒಂದು ವಿಶೇಷವಿದೆ. ಅಮೆರಿಕದ ಇಮಿಗ್ರೇಶನ್ ತಪಾಸಣೆ 2014ರಿಂದ ಅಲ್ಲೇ ನಡೆಯುತ್ತಿದೆ. ಅದು ಮುಗಿದರೆ ಅಮೆರಿಕದಲ್ಲಿ ಇಳಿದಾಗ ಒಳನಾಡಿನ ಪ್ರಯಾಣಿಕರ ಹಾಗೆ ಬ್ಯಾಗ್ ಎತ್ತಿಕೊಂಡು ಹೊರಗೆ ಬರಬಹುದು.

ಎಲ್ಲೇ ಇಳಿದರೂ ನಡುವೆ ಮೂರ್ನಾಲ್ಕು ಗಂಟೆ ಸಮಯವಿರಲಿ. ಒಂದೂವರೆ ಗಂಟೆ ಮಕ್ಕಳಿಗೆ ಸಾಕು, ನಿಮಗಲ್ಲ.

ಇನ್ನು ಹೆಸರು. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಅಂಥವರ ಅಮೆರಿಕ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಅಚ್ಚಾಗಿರುತ್ತದೆ. ಗಾಬರಿಯಾಗಬೇಡಿ, ಅದು ತಪ್ಪಲ್ಲ. ಟಿಕೆಟ್‌ನಲ್ಲಿ ಹೆಸರು ಹೇಗೆ ಹಾಕಬೇಕೆಂದು ಏರ್‌ಲೈನ್‌ನವರನ್ನೇ ಕೇಳಿ ಹಾಗೇ ಹಾಕಿಸಿ.

ಟಿಕೆಟ್ ಆದ ಮೇಲೆ ಮೂರು ಫೋನ್

ಒಂದು, ಊಟಕ್ಕೆ. ‘ಹಿಂದೂ ಮೀಲ್’ ಎಂದು ಕೇಳಿದ್ದೀರೋ, ತಟ್ಟೆಯಲ್ಲಿ ಕೋಳಿ ಬಂದೀತು! ಅದರಲ್ಲಿ ದನದ ಮಾಂಸವಿರುವುದಿಲ್ಲ, ಅಷ್ಟೇ. ಸಸ್ಯಾಹಾರಿಗಳು ಕೇಳಬೇಕಾದದ್ದು ಏಷ್ಯನ್ ವೆಜಿಟೇರಿಯನ್, ಅದರ ಗುರುತು ‘ಎವಿಎಂಎಲ್’. ಈರುಳ್ಳಿ-ಬೆಳ್ಳುಳ್ಳಿಯೂ ಬೇಡವೆಂದರೆ ಜೈನ್ ಮೀಲ್. ಹೊರಡುವ ಎರಡು ದಿನ ಮೊದಲು ಇದು ಬುಕಿಂಗ್‌ನಲ್ಲಿ ಇನ್ನೂ ಇದೆಯಾ ಎಂದು ಮತ್ತೊಮ್ಮೆ ನೋಡಿ.

ಎರಡು, ಸೀಟಿಗೆ. ಕಿಟಕಿ ಆಸೆ ಬಿಡಿ. ಓಡಾಡುವ ಜಾಗದ ಪಕ್ಕದ ಸೀಟು ಹಿಡಿಯಿರಿ. ಪಕ್ಕದವರನ್ನು ಎಬ್ಬಿಸಬೇಕಲ್ಲ ಎಂಬ ಸಂಕೋಚಕ್ಕೇ ಎಷ್ಟೋ ಜನ ಏಳುವುದಿಲ್ಲ.

ಮೂರು, ವ್ಹೀಲ್‌ಚೇರ್‌ಗೆ. ಕನಿಷ್ಠ 48 ಗಂಟೆ ಮೊದಲು ಹೇಳಿ. ದೂರ ನಡೆಯಲಾಗದವರು, ಮಂಡಿ ಆಪರೇಷನ್ ಆದವರು ‘ನನಗ್ಯಾಕೆ ಗಾಡಿ’ ಎಂದು ಬಿಗುಮಾನ ಮಾಡಬೇಡಿ. ಅಮೆರಿಕಕ್ಕೆ ಹೋಗಿ ಬರುವ ವಿಮಾನಗಳಲ್ಲಿ ಇದಕ್ಕೆ ಹಣ ಕೇಳುವಂತಿಲ್ಲ. ಆದರೆ ಚೆನ್ನಾಗಿ ನಡೆಯಬಲ್ಲವರು ಇಂಗ್ಲಿಷ್ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ವ್ಹೀಲ್‌ಚೇರ್ ಬುಕ್ ಮಾಡುವುದು ನನಗೆ ಸರಿ ಕಾಣುವುದಿಲ್ಲ. ನಿಜವಾಗಿ ನಡೆಯಲಾಗದವರು ಅಲ್ಲೇ ಕಾಯುತ್ತಾ ಕೂತಿರುತ್ತಾರೆ. ಭಾಷೆಯ ತೊಂದರೆಗೆ ‘ಮೀಟ್ ಆ್ಯಂಡ್ ಅಸಿಸ್ಟ್’ ಎಂಬ, ಜೊತೆಗೊಬ್ಬರು ಬಂದು ದಾರಿ ತೋರಿಸುವ ಬೇರೆ ಸೌಲಭ್ಯವಿದೆ, ಕೆಲವರು ಇದಕ್ಕೆ ಹಣ ಪಡೆಯುತ್ತಾರೆ.

ಸೂಟ್‌ಕೇಸ್ ಎಂಬ ಯುದ್ಧ

ಅಮೆರಿಕ ಟಿಕೆಟ್‌ನಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 23 ಕೆಜಿಯ ಎರಡು ಪೆಟ್ಟಿಗೆ. ತೂಕ ಮನೆಯಲ್ಲೇ ನೋಡಿ. ಕೌಂಟರಿನ ಮುಂದೆ ಪೆಟ್ಟಿಗೆ ಬಿಚ್ಚಿ, ಹುರಿಹಿಟ್ಟು ಆ ಕಡೆ, ಹಪ್ಪಳದ ಕಟ್ಟು ಈ ಕಡೆ ಹಾಕಿ, ಸೀರೆಯೊಂದನ್ನು ಹೆಗಲ ಮೇಲೆ ಹೊದ್ದು ನಿಂತವರು ದೇವನಹಳ್ಳಿಯಲ್ಲಿ ದಿನಾ ಸಿಗುತ್ತಾರೆ.

ಚಕ್ಕುಲಿ, ಕೋಡುಬಳೆ, ಹಪ್ಪಳ, ಸಂಡಿಗೆ, ಸಾರಿನ ಪುಡಿ, ಚಟ್ನಿಪುಡಿ ಧಾರಾಳವಾಗಿ ಹೋಗುತ್ತವೆ. ಆದರೆ ಪುಡಿಗಳನ್ನೆಲ್ಲ ದೊಡ್ಡ ಪೆಟ್ಟಿಗೆಯಲ್ಲೇ ಇಡಿ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ ಕೈಚೀಲದ ಪುಡಿ 350 ಮಿ.ಲೀ. ಡಬ್ಬಿಗಿಂತ ಹೆಚ್ಚಿದ್ದರೆ ತೆಗೆದು ತಪಾಸಣೆ ಮಾಡುತ್ತಾರೆ. ಉಪ್ಪಿನಕಾಯಿಯೂ ಪೆಟ್ಟಿಗೆಗೇ, ಎರಡು ಕವರ್ ಸುತ್ತಿ.

ತರಲೇಬಾರದ್ದು: ಹಸಿ ಕರಿಬೇವು. ಕಿತ್ತಳೆ-ನಿಂಬೆ ಗಿಡಗಳಿಗೆ ರೋಗ ಹರಡುವ ಒಂದು ಕೀಟ ಅದರ ಎಲೆಯ ಮೇಲೂ ಬದುಕುತ್ತದೆ, ಅಮೆರಿಕದವರಿಗೆ ಅದರ ಭಯ. ವೀಳ್ಯದೆಲೆ, ಮಲ್ಲಿಗೆ ಬಳ್ಳಿಯ ತುಂಡು, ಮಾವಿನಹಣ್ಣು ಕೂಡ ಬೇಡ. ತಿಪಟೂರಿನ ಒಣ ಕೊಬ್ಬರಿ ಎಷ್ಟೇ ಚೆನ್ನಾಗಿದ್ದರೂ ಬಿಟ್ಟು ಹೋಗಿ. ವಿಮಾನಯಾನದ ನಿಯಮಗಳಲ್ಲಿ ಕೊಬ್ಬರಿ ತಾನಾಗಿ ಬೆಂಕಿ ಹತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ಇನ್ನು ಗಸಗಸೆ. ಪಾಯಸದ ಗಸಗಸೆ ಯುಎಇಯಲ್ಲಿ, ಸಿಂಗಪುರದಲ್ಲಿ ಮಾದಕ ವಸ್ತುವಿನ ಲೆಕ್ಕ. ಆ ದಾರಿಯಲ್ಲಿ ಹೋಗುವವರು ಒಂದು ಚಮಚವನ್ನೂ ಒಯ್ಯಬೇಡಿ, ಮಸಾಲೆ ಡಬ್ಬಿ ಕೂಡ ಒಮ್ಮೆ ನೋಡಿಕೊಳ್ಳಿ.

ಮಾತ್ರೆ, ಇನ್ಸುಲಿನ್, ಕನ್ನಡಕ, ಪವರ್ ಬ್ಯಾಂಕ್, ಒಂದು ಜೊತೆ ಬಟ್ಟೆ ಕೈಚೀಲದಲ್ಲಿ. ಇನ್ಸುಲಿನ್ ಕೆಳಗಿನ ಸಾಮಾನಿನ ಜಾಗದಲ್ಲಿ ಹೆಪ್ಪುಗಟ್ಟಿ ಕೆಡಬಹುದು. ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಸ್ಟ್ರಿಪ್‌ನಲ್ಲೇ ಇಟ್ಟು, ಜೊತೆಗೆ ಡಾಕ್ಟರ ಚೀಟಿ ಇಡಿ. ಪಶ್ಚಿಮಕ್ಕೆ ಹೋಗುವಾಗ ದಿನ ಉದ್ದವಾಗುತ್ತದೆ. ಸಕ್ಕರೆ ಕಾಯಿಲೆಯವರು ಡೋಸ್ ಹೇಗೆ ಹೊಂದಿಸಬೇಕೆಂದು ಡಾಕ್ಟರನ್ನು ಕೇಳಿಯೇ ಹೊರಡಿ.

ಹೊರಡುವ ರಾತ್ರಿ

ತಾರೀಖು ಇನ್ನೊಮ್ಮೆ ನೋಡಿ. ವಿದೇಶದ ವಿಮಾನಗಳು ಬಹಳಷ್ಟು ಮಧ್ಯರಾತ್ರಿ ಕಳೆದ ಮೇಲೇ ಹೊರಡುತ್ತವೆ. ಟಿಕೆಟ್‌ನಲ್ಲಿ 15ನೇ ತಾರೀಖು ಬೆಳಗಿನ ಜಾವ 2.30 ಎಂದಿದ್ದರೆ ನೀವು ಮನೆ ಬಿಡಬೇಕಾದದ್ದು 14ರ ಸಂಜೆ. ವಿದೇಶದ ವಿಮಾನಗಳಿಗೆ ಹೋಗಬೇಕಾದದ್ದು ಟರ್ಮಿನಲ್ 2ಕ್ಕೆ. ಮೈಸೂರಿನವರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ, ನೇರ ಏರ್‌ಪೋರ್ಟಿಗೇ ಬಿಡುತ್ತದೆ. ಹೊರಡುವ ಮೊದಲು ಮಧ್ಯಾಹ್ನ ಎರಡು ಗಂಟೆ ಮಲಗಿಬಿಡಿ. ಬೀಳ್ಕೊಡಲು ಬಂದ ನೆಂಟರಿಗೆ ಕಾಫಿ ಮಾಡುವ ಕೆಲಸ ಬೇರೆ ಯಾರಾದರೂ ನೋಡಿಕೊಳ್ಳಲಿ.

ಒಂದು ಕಾಗದದಲ್ಲಿ ಇಂಗ್ಲಿಷಿನಲ್ಲಿ ಮಕ್ಕಳ ವಿಳಾಸ, ಫೋನ್ ನಂಬರ್, ಎರಡೂ ವಿಮಾನಗಳ ನಂಬರ್ ಬರೆದು ಪಾಸ್‌ಪೋರ್ಟಿನೊಳಗೆ ಇಡಿ. ಫೋನ್ ಚಾರ್ಜ್ ಇಳಿದಾಗ ಕೈ ಹಿಡಿಯುವುದು ಈ ಚೀಟಿಯೇ.

ವಿಮಾನದೊಳಗೆ

ಪದೇ ಪದೇ ಏಳಬೇಕಾಗುತ್ತೆ ಅಂತ ನೀರೇ ಮುಟ್ಟದ ಅಮ್ಮಂದಿರು ಬಹಳ. ಟಾಯ್ಲೆಟ್‌ನಲ್ಲಿ ನೀರಿನ ಪೈಪು ಇರುವುದಿಲ್ಲ ಎಂಬ ಮುಜುಗರವೂ ಸೇರಿಕೊಂಡಿರುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಒಂದು ಸಣ್ಣ ಖಾಲಿ ಬಾಟಲಿ ಕೈಚೀಲದಲ್ಲಿರಲಿ, ಒಳಗಿನ ನಲ್ಲಿಯಲ್ಲಿ ತುಂಬಿಕೊಳ್ಳಬಹುದು. ಆಗ ನೀರು ಕುಡಿಯಲು ಹಿಂಜರಿಕೆ ಇರುವುದಿಲ್ಲ. ನಾಲ್ಕು ಗಂಟೆಗಿಂತ ಹೆಚ್ಚು ಅಲ್ಲಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಗಂಟೆ, ಎರಡು ಗಂಟೆಗೊಮ್ಮೆ ಎದ್ದು ಹಿಂದಿನ ತನಕ ನಡೆದು ಬನ್ನಿ. ಕೂತಾಗ ಹಿಮ್ಮಡಿ ಊರಿ ಬೆರಳು ಎತ್ತಿ, ಬೆರಳು ಊರಿ ಹಿಮ್ಮಡಿ ಎತ್ತಿ. ಹೃದಯದ ತೊಂದರೆ, ಇತ್ತೀಚೆಗೆ ಆಪರೇಷನ್ ಆದವರು ಬಿಗಿ ಸಾಕ್ಸ್ ಬೇಕಾ ಎಂದು ಮೊದಲೇ ಡಾಕ್ಟರನ್ನು ಕೇಳಿ.

ಅಮೆರಿಕದಲ್ಲಿ ಇಳಿದಾಗ

ವಿಮಾನದಲ್ಲಿ ಕೊಟ್ಟ ಸೇಬು, ಬಾಳೆಹಣ್ಣನ್ನು ಆಮೇಲೆ ತಿನ್ನೋಣ ಎಂದು ಚೀಲಕ್ಕೆ ಹಾಕಿಕೊಳ್ಳಬೇಡಿ. ಅಲ್ಲೇ ತಿನ್ನಿ, ಇಲ್ಲವೇ ಬಿಟ್ಟು ಬನ್ನಿ. ಆ ಹಣ್ಣಿಗೂ ದಂಡ ಬೀಳುತ್ತದೆ. ಆಹಾರ ಇದೆಯಾ ಎಂದು ಕೇಳಿದರೆ ಇದೆ ಎನ್ನಿ. ಹೇಳಿದರೆ ಹೆಚ್ಚೆಂದರೆ ಎತ್ತಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.

ಇಮಿಗ್ರೇಶನ್‌ನಲ್ಲಿ ಕೇಳುವುದು ಯಾರ ಮನೆಗೆ, ಯಾಕೆ, ಎಷ್ಟು ದಿನ ಎಂದು. ಚಿಕ್ಕದಾಗಿ, ನಿಜ ಹೇಳಿ. ಮಗಳನ್ನು, ಮೊಮ್ಮಗುವನ್ನು ನೋಡಲು ಬಂದಿದ್ದೇವೆ, ಇಂಥ ದಿನ ವಾಪಸ್, ಅಷ್ಟು ಸಾಕು. ಅರ್ಧಂಬರ್ಧ ಇಂಗ್ಲಿಷಿನಲ್ಲಿ ‘ಬೇಬಿ ಕೆಲಸ’ ಎಂದರೆ ಸಂಬಳದ ಕೆಲಸಕ್ಕೆ ಬಂದಿದ್ದಾರೆಂದು ತಿಳಿಯಬಹುದು. ಅರ್ಥವಾಗದಿದ್ದರೆ ತಲೆ ಆಡಿಸಬೇಡಿ, ಕನ್ನಡ ಬಲ್ಲ ದುಭಾಷಿ ಬೇಕು ಎಂದು ಕೇಳಿ.

ಅಲ್ಲಿಂದ ಮುಂದೆ ಇನ್ನೊಂದು ಊರಿಗೆ ವಿಮಾನವಿದ್ದರೆ ಗಮನಿಸಿ. ಪೆಟ್ಟಿಗೆಯ ಚೀಟಿಯಲ್ಲಿ ಕೊನೆಯ ಊರಿನ ಹೆಸರಿದ್ದರೂ ಸಾಮಾನ್ಯವಾಗಿ ಮೊದಲು ಇಳಿದ ಊರಿನಲ್ಲೇ ಪೆಟ್ಟಿಗೆ ಎತ್ತಿಕೊಳ್ಳಬೇಕು. ಕಸ್ಟಮ್ಸ್ ದಾಟಿ, ಅಲ್ಲೇ ಮತ್ತೆ ಕೊಟ್ಟು, ಭದ್ರತಾ ತಪಾಸಣೆಯ ಸಾಲಿನಲ್ಲಿ ನಿಲ್ಲಬೇಕು. ಮೂರ್ನಾಲ್ಕು ಗಂಟೆ ಬೇಕು ಅಂದದ್ದು ಇದಕ್ಕೇ.

ಮನೆ ಸೇರಿದ ಮೇಲೆ

ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಹಗಲು-ರಾತ್ರಿ ಪೂರ್ತಿ ಅದಲು ಬದಲು. ರಾತ್ರಿ ಎರಡಕ್ಕೆ ಎಚ್ಚರವಾದರೆ ಚಿಂತೆ ಬೇಡ, ಬೆಳಗ್ಗೆ ಬಿಸಿಲಿನಲ್ಲಿ ಅರ್ಧ ಗಂಟೆ ಓಡಾಡಿ, ಮಧ್ಯಾಹ್ನದ ನಿದ್ದೆ ಉದ್ದ ಎಳೆಯಬೇಡಿ. ವಾರ, ಹತ್ತು ದಿನದಲ್ಲಿ ಸರಿಹೋಗುತ್ತದೆ.

ಆ ವಾರದಲ್ಲೇ ಮಕ್ಕಳ ಕೈಯಲ್ಲಿ ಅಮೆರಿಕ ಪ್ರವೇಶದ ‘ಐ-94’ ದಾಖಲೆ ಆನ್‌ಲೈನ್‌ನಲ್ಲಿ ತೆಗೆಸಿ ನೋಡಿ. ವೀಸಾ ಹತ್ತು ವರ್ಷದ್ದಿದ್ದರೂ ಇರಬಹುದಾದ ಕೊನೆಯ ದಿನ ಅದರಲ್ಲೇ ಇರುತ್ತದೆ, ಸಾಮಾನ್ಯವಾಗಿ ಬಂದ ದಿನದಿಂದ ಆರು ತಿಂಗಳು. ಮೊಮ್ಮಗುವಿನ ಹುಟ್ಟುಹಬ್ಬ ಮುಗಿಸಿಕೊಂಡು ಹೋಗಿ ಅಂತ ಮಗಳು ಹಠ ಹಿಡಿದರೆ ಮೊದಲು ಆ ತಾರೀಖು ನೋಡಿ. ಅದು ದಾಟುವಂತಿದ್ದರೆ ಅವಧಿ ವಿಸ್ತರಣೆಯ ಅರ್ಜಿ ಆ ದಿನಕ್ಕೆ ಮುಂಚೆಯೇ ಹೋಗಿರಬೇಕು.